ಗಾಲಿಗೆ ಗಾಳಿ ತುಂಬಿದ ಡನ್ಲಪ್

ಟೈರಿನ ಬದಿಯಲ್ಲಿ ಅಚ್ಚಾದ ಡನ್ಲಪ್ ಎಂಬ ಹೆಸರನ್ನು ನಾವೆಲ್ಲರೂ ಓದಿದ್ದೇವೆ. ಆದರೆ ಆ ಹೆಸರಿನ ಮನುಷ್ಯನಾರೆಂದು ವಿಚಾರಿಸಿದವರು ವಿರಳ. ಜಾನ್ ಬಾಯ್ಡ್ ಡನ್ಲಪ್ ಯಂತ್ರಶಿಲ್ಪಿಯಲ್ಲ, ಸೈಕಲ್ ವ್ಯಾಪಾರಿಯೂ ಅಲ್ಲ. ದನ ಕುದುರೆಗಳಿಗೆ ಮದ್ದು ಕೊಡುತ್ತಿದ್ದ ಪಶುವೈದ್ಯ.

1840ನೆಯ ಇಸವಿ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಡ್ರೆಗ್‌ಹಾರ್ನ್ ಎಂಬ ಹಳ್ಳಿಯ ಒಕ್ಕಲು ಮನೆಯೊಂದರಲ್ಲಿ ಅವನು ಜನಿಸಿದನು. ಎಡಿನ್‌ಬರೋದಲ್ಲಿ ಪಶುವೈದ್ಯ ವಿದ್ಯೆಯನ್ನು ಕಲಿತು, 1867ರಲ್ಲಿ ಐರ್ಲೆಂಡಿಗೆ ಬಂದು, ಮುಂದೆ ಬೆಲ್‌ಫಾಸ್ಟ್ ನಗರದಲ್ಲಿ ನೆಲೆಸಿದನು. ಅಲ್ಲಿ ಅವನಿಗೆ ಒಳ್ಳೆಯ ಹೆಸರೂ ಸಂಪಾದನೆಯೂ ಇತ್ತು. ಹೊಸದೇನನ್ನಾದರೂ ಕಂಡುಹಿಡಿಯಲೇಬೇಕೆಂಬ ದರ್ದು ಇರಲಿಲ್ಲ.

ಬೆಲ್‌ಫಾಸ್ಟಿನ ಬೀದಿಗಳಿಗೆ ಕಲ್ಲು ಹಾಸಿತ್ತು. ಡನ್ಲಪ್ಪನ ಚಿಕ್ಕ ಮಗನು ಮೂರು ಗಾಲಿಯ ಸೈಕಲ್ಲನ್ನು ಆ ಕಲ್ಲುಗಳ ಮೇಲೆ ಬಿಡುವಾಗ ಅದರ ಗಟ್ಟಿ ರಬ್ಬರಿನ ಗಾಲಿಗಳು ಅವನ ಮೈಯನ್ನೆಲ್ಲ ಕುಲುಕುತ್ತಿದ್ದವು. 1887ರಲ್ಲಿ ತಂದೆಯು ತೆಳು ರಬ್ಬರಿನಿಂದ ಕೊಳವೆ ಮಾಡಿ, ಗಾಳಿ ತುಂಬಿ, ಬಟ್ಟೆ ಸುತ್ತಿ, ಮರದ ಚಕ್ರವೊಂದರ ಅಂಚಿಗೆ ಮೊಳೆ ಹೊಡೆದು ಕೂರಿಸಿದನು. ಅಂಗಳದಲ್ಲಿ ಹಳೆಯ ಗಾಲಿಯನ್ನೂ ಇದನ್ನೂ ಉರುಳಿಸಿ ನೋಡಿದರೆ ಹಳೆಯದು ನಡುವೆಯೇ ಬಿದ್ದುಹೋಯಿತು. ಹೊಸದು ಅಂಗಳ ದಾಟಿ ಗೇಟಿಗೆ ಬಡಿದು ಪುಟಿಯಿತು. ಮೈಸುಖಕ್ಕಾಗಿ ಮಾಡಿದ್ದು ವೇಗವನ್ನೂ ಕೊಟ್ಟಿತು!

ಇದಕ್ಕೆ ಕಾರಣವಿದೆ. ಗಟ್ಟಿ ಗಾಲಿಗೆ ಕಲ್ಲು ಸಿಕ್ಕಿದಾಗ ಸವಾರನ ಸಮೇತ ಇಡೀ ಸೈಕಲ್ಲೇ ಮೇಲಕ್ಕೆ ಏಳಬೇಕು. ಮುಂದಕ್ಕೆ ಹೋಗಬೇಕಾದ ಶಕ್ತಿ ಮೈ ಕುಲುಕುವುದರಲ್ಲಿ ವ್ಯಯವಾಗುತ್ತದೆ. ಗಾಳಿಯ ಗಾಲಿಯಾದರೋ ಕಲ್ಲನ್ನು ತನ್ನೊಳಗೆ ನುಂಗಿ ಮುಂದೆ ಸಾಗುತ್ತದೆ. ಪುತ್ತಿಗೆಯಿಂದ ಮೂಡುಬಿದಿರೆ ಪೇಟೆಗೆ ಹಳೆಯ ಸೈಕಲ್ಲಿನಲ್ಲಿ ಹೋಗಿಬರುವ ನನಗೆ ಇದನ್ನು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. ಗಾಳಿ ವಿಪರೀತ ಬಿಗಿದರೆ ಇಳಿಜಾರಿನ ತಿರುವಿನಲ್ಲಿ ಗಾಲಿ ಪುಟಿದು ನೆಲ ಬಿಡುತ್ತದೆ. ತೀರ ಕಡಿಮೆಯಾದರೆ ಹ್ಯಾಂಡಲು ಜಡವಾಗಿ ಸೈಕಲ್ಲು ಓಲಾಡುತ್ತದೆ.

ಸುಖವೆಲ್ಲ ಟೈರಿನದೇ ಎನ್ನಲಾಗದು. ಹ್ಯಾಂಡಲು ತಿರುಗುವ ಅಕ್ಷದ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಮುಂದಿನ ಗಾಲಿ ನೆಲ ಮುಟ್ಟುವ ಜಾಗಕ್ಕಿಂತ ತುಸು ಮುಂದೆ ಬೀಳುತ್ತದೆ. ಈ ಅಂತರ ಹೆಚ್ಚಿದ್ದರೆ ಸೈಕಲ್ಲು ತಾನಾಗಿ ನೇರ ಹಿಡಿಯುತ್ತದೆ. ಕಡಿಮೆಯಾದರೆ ಬೆರಳು ತಾಗಿದೊಡನೆ ತಿರುಗುತ್ತದೆ. ಎರಡು ಗಾಲಿಗಳ ನಡುವೆ ದೂರ ಹೆಚ್ಚಿಸಿ, ಹ್ಯಾಂಡಲು ಎತ್ತರಿಸಿದರೆ ಬೆನ್ನಿಗೆ ಆರಾಮ. ದೂರ ಪ್ರಯಾಣಕ್ಕೆಂದು ಈಗ ಮಾಡುವ ರೋಡ್ ಸೈಕಲ್ಲುಗಳಲ್ಲಿ ಇದೇ ಉಪಾಯವಿದೆ. ಟೈರುಗಳೂ 28ರಿಂದ 32 ಮಿಲಿಮೀಟರು ಅಗಲ. ಜಾನ್ ಕೆಂಪ್ ಸ್ಟಾರ್ಲಿ 1885ರಲ್ಲಿ ರೋವರ್ ಸೈಕಲ್ಲನ್ನು ಹೊರತಂದಾಗ ಅದರ ಚಿಕ್ಕ ಗಾಲಿಗಳು ಹಿಂದಿನ ಎತ್ತರದ ಗಾಲಿಗಿಂತ ಹೆಚ್ಚು ಕುಲುಕುತ್ತಿದ್ದವು. ಆ ಕುಂದನ್ನು ನೀಗಿಸಿದ್ದು ಡನ್ಲಪ್ಪನ ಗಾಳಿ.

1888ರಲ್ಲಿ ಅವನಿಗೆ ಪೇಟೆಂಟು ದೊರೆಯಿತು. ಮರುವರ್ಷ ಮೇ 18ರಂದು ಬೆಲ್‌ಫಾಸ್ಟಿನ ಪಂದ್ಯದಲ್ಲಿ ವಿಲಿ ಹ್ಯೂಮ್ ಎಂಬವನು ಈ ಟೈರಿನ ಸೈಕಲ್ಲೇರಿ ಗೆದ್ದಾಗ ನಗುತ್ತಿದ್ದವರ ಬಾಯಿ ಕಟ್ಟಿತು. ಡಬ್ಲಿನ್ನಿನ ಹಾರ್ವೆ ಡು ಕ್ರಾಸ್ ಎಂಬ ವರ್ತಕನು ಕಂಪೆನಿ ಕಟ್ಟಿದನು. ಅಷ್ಟರಲ್ಲಿ ಒಂದು ಸಿಡಿಲು ಬಡಿಯಿತು: ರಾಬರ್ಟ್ ವಿಲಿಯಮ್ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟನು 1845ರಲ್ಲಿಯೇ ಇದೇ ತತ್ತ್ವಕ್ಕೆ ಪೇಟೆಂಟು ಪಡೆದಿದ್ದನು. ಡನ್ಲಪ್ಪನ ಹಕ್ಕು ರದ್ದಾಯಿತು. ಥಾಮ್ಸನ್ನನ ಕಾಲದಲ್ಲಿ ಆ ಗಾಲಿಯನ್ನು ಬೇಡುವ ಸೈಕಲ್ಲೇ ಇರಲಿಲ್ಲ, ಪಾಪ. ಕೀರ್ತಿಯಲ್ಲಿ ಅರ್ಧ ಅವನಿಗೂ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಬೇರೆಯವರ ಪೇಟೆಂಟುಗಳನ್ನು ಕೊಂಡು ಕಂಪೆನಿಯು ಬದುಕಿಕೊಂಡಿತು. ಡನ್ಲಪ್ 1895ರಲ್ಲಿ ಅದನ್ನು ಬಿಟ್ಟನು. ಮರುವರ್ಷವೇ ಅದು 30 ಲಕ್ಷ ಪೌಂಡಿಗೆ ಮಾರಾಟವಾಯಿತು. ಆ ಐಶ್ವರ್ಯದಲ್ಲಿ ಅವನಿಗೆ ದಕ್ಕಿದ್ದು ಅತ್ಯಲ್ಪ.

ಇನ್ನೊಂದು ಸಂಗತಿಯನ್ನು ಬಿಟ್ಟುಬಿಡಲು ನನಗೆ ಮನಸ್ಸಾಗದು. ನನ್ನ ತಂದೆ ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮಾಡುವವರು. ಬೆಳಕು ಹರಿಯುವ ಮೊದಲೇ ಕತ್ತಿ ಹಿಡಿದು ಮರದಿಂದ ಮರಕ್ಕೆ ನಡೆಯುತ್ತಾರೆ. ಸಂಜೆಗೆ ಅವರ ಬೆನ್ನು ಎಷ್ಟು ನೋಯುತ್ತದೆಂದು ಬಲ್ಲೆ. ಆದರೆ ಅವರಿಗೆ ಕೂಲಿಯುಂಟು. ಡನ್ಲಪ್ಪನ ಟೈರು ಲೋಕದ ರಬ್ಬರಿನ ಹಸಿವನ್ನು ಕೆರಳಿಸಿದಾಗ ಏಷ್ಯದ ತೋಟಗಳು ಇನ್ನೂ ಬೆಳೆದಿರಲಿಲ್ಲ. ಬೆಲ್ಜಿಯಮ್ಮಿನ ಎರಡನೆಯ ಲಿಯೊಪೋಲ್ಡ್ ದೊರೆಯ ಸ್ವಂತ ಸೊತ್ತಾಗಿದ್ದ ಕಾಂಗೋ ನಾಡಿನಲ್ಲಿ ಕಾಡುಬಳ್ಳಿಯ ರಬ್ಬರನ್ನು ಬಲಾತ್ಕಾರದಿಂದ ತರಿಸಿದರು. ಲೆಕ್ಕಕ್ಕೆ ಕಡಿಮೆ ತಂದವರನ್ನು ಥಳಿಸಿದರು, ಊರು ಸುಟ್ಟರು, ಕೈಗಳನ್ನೂ ಕಡಿದರು. 1908ರವರೆಗೆ ಆ ನಾಡು ದೊರೆಯ ಕೈಯಲ್ಲೇ ಇತ್ತು. ಮಗನ ಮೈನೋವು ನೀಗಲೆಂದು ಹೊರಟ ಪಶುವೈದ್ಯನ ತಲೆಗೆ ಈ ಪಾಪವನ್ನು ಕಟ್ಟಲಾರೆ. ಆದರೂ ಅವನ ಕಥೆಯನ್ನು ಬರೆಯುವಾಗ ಆ ಕೈಗಳು ಕಣ್ಣ ಮುಂದೆ ಬರುತ್ತವೆ.

ಡನ್ಲಪ್ ಡಬ್ಲಿನ್ನಿನಲ್ಲಿ ಬಟ್ಟೆ ವ್ಯಾಪಾರದಲ್ಲಿ ಪಾಲುಗೊಂಡು ಸದ್ದಿಲ್ಲದೆ ಬಾಳಿದನು. 1921ರ ಅಕ್ಟೋಬರ್ 23ರಂದು ಅಲ್ಲಿಯೇ ತೀರಿಕೊಂಡನು. ಗಾಳಿಯ ಟೈರಿನ ಚರಿತ್ರೆಯನ್ನು ಕುರಿತು ಅವನು ಬರೆದಿಟ್ಟಿದ್ದ ಪುಸ್ತಕವು ಮರಣಾನಂತರ ಅಚ್ಚಾಯಿತು.