ಹಗ್ಗದ ಆ ತುದಿಯಲ್ಲಿ ರಾಲ್ಫ್

ವಾಟರ್ ಸ್ಕೀಯಿಂಗ್ ಅನ್ನ ನಾವೆಲ್ಲ ರೀಲ್ಸ್‌ನಲ್ಲಾದ್ರೂ ನೋಡಿರ್ತೀವಿ. ಮುಂದೆ ಒಂದು ಮೋಟಾರ್ ಬೋಟ್, ಅದರ ಹಿಂದೆ ಉದ್ದದ ಹಗ್ಗ, ಆ ಹಗ್ಗ ಹಿಡ್ಕೊಂಡು ಎರಡು ಹಲಗೆ ಮೇಲೆ ನಿಂತು ನೀರಿನ ಮೇಲೆ ಜಾರುತ್ತಾ ಹೋಗೋ ಒಬ್ಬ ಮನುಷ್ಯ. ಇದನ್ನ ಮೊದಲು ಮಾಡಿದವನು ಅಂತ ಅಮೆರಿಕದ ವಾಟರ್ ಸ್ಕೀ ಸಂಸ್ಥೆ ಒಪ್ಪಿಕೊಂಡಿರೋದು ರಾಲ್ಫ್ ಸ್ಯಾಮ್ಯುಯೆಲ್ಸನ್ ಅನ್ನೋ ಹುಡುಗನನ್ನ. ಅವನು ಗೆದ್ದ ದಿನ ಅವನಿಗೆ 19 ತುಂಬೋಕೆ ಇನ್ನೂ ಒಂದು ದಿನ ಬಾಕಿ ಇತ್ತು. ಅಂದ್ರೆ ಹೆಚ್ಚುಕಮ್ಮಿ ನಮ್ಮ ಕ್ಲಾಸಿನವರ ವಯಸ್ಸು.

ರಾಲ್ಫ್ ಹುಟ್ಟಿದ್ದು 1903ರ ಜುಲೈ 3ರಂದು. ಬೆಳೆದದ್ದು ಅಮೆರಿಕದ ಮಿನ್ನೆಸೋಟ ರಾಜ್ಯದ ಲೇಕ್ ಸಿಟಿ ಅನ್ನೋ ಚಿಕ್ಕ ಊರಲ್ಲಿ. ಊರಿನ ಪಕ್ಕದಲ್ಲೇ ಲೇಕ್ ಪೆಪಿನ್. ಹೆಸರಿಗೆ ಕೆರೆ, ಆದ್ರೆ ನಿಜವಾಗಿ ಅದು ಮಿಸಿಸಿಪಿ ನದಿಯೇ ಅಗಲವಾಗಿ ಹರಡಿಕೊಂಡಿರೋ ಜಾಗ. ನೋಡೋಕೆ ಶಾಂತವಾಗಿ ಕಂಡರೂ ಗಾಳಿ ಎದ್ದರೆ ಅಪಾಯ. 1890ರಲ್ಲಿ ಸೀ ವಿಂಗ್ ಅನ್ನೋ ಸ್ಟೀಮ್ ಬೋಟ್ ಬಿರುಗಾಳಿಗೆ ಸಿಕ್ಕಿ ಇದೇ ನೀರಲ್ಲಿ ಮಗುಚಿ 98 ಜನ ಸತ್ತಿದ್ದರು. ರಾಲ್ಫ್ ಆಟ ಆಡೋಕೆ ಇಳಿದದ್ದು ಇಂಥ ನೀರಿಗೆ.

ಆ ಕಡೆ ಚಳಿಗಾಲದಲ್ಲಿ ಹಿಮದ ಮೇಲೆ ಸ್ಕೀ ಮಾಡೋದು ಮಾಮೂಲಿ. ಹಿಮದ ಮೇಲೆ ಜಾರಬಹುದು ಅಂದ್ರೆ ನೀರಿನ ಮೇಲೆ ಯಾಕೆ ಆಗಲ್ಲ ಅನ್ನೋ ಯೋಚನೆ 1922ರ ಬೇಸಿಗೆಯಲ್ಲಿ ರಾಲ್ಫ್ ತಲೆಗೆ ಹೊಕ್ಕಿತು. ಮೊದಲು ಪೀಪಾಯಿಯ ಹಲಗೆಗಳನ್ನ ಕಾಲಿಗೆ ಕಟ್ಟಿಕೊಂಡು ನೋಡಿದ. ಮುಳುಗಿದ. ಆಮೇಲೆ ಹಿಮದ ಸ್ಕೀಗಳನ್ನೇ ಹಾಕಿಕೊಂಡ. ಮತ್ತೆ ಮುಳುಗಿದ. ಅಗಲ ಕಮ್ಮಿ ಇರೋದೇ ತೊಂದರೆ ಅಂತ ಅವನಿಗೆ ಹೊಳೆಯಿತು. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಇದು ಗೊತ್ತಿರುತ್ತೆ: ನೀರು ಮೇಲಕ್ಕೆ ತಳ್ಳೋ ಬಲ ವೇಗದ ವರ್ಗಕ್ಕೂ ಹಲಗೆಯ ವಿಸ್ತೀರ್ಣಕ್ಕೂ ತಕ್ಕ ಹಾಗೆ ಹೆಚ್ಚುತ್ತೆ. ಅವನ ಬೋಟು ನಿಧಾನದ್ದು, ವೇಗ ಜಾಸ್ತಿ ಮಾಡೋಕೆ ಆಗಲ್ಲ. ಉಳಿದದ್ದು ಹಲಗೆ ದೊಡ್ಡದು ಮಾಡೋ ದಾರಿ ಒಂದೇ.

ಮರದ ಅಂಗಡಿಯಿಂದ 8 ಅಡಿ ಉದ್ದ, 9 ಇಂಚು ಅಗಲದ ಎರಡು ಪೈನ್ ಹಲಗೆ ತಂದ. ಅವುಗಳ ತುದಿಯನ್ನ ಅಮ್ಮನ ತಾಮ್ರದ ಹಂಡೆಯಲ್ಲಿ ಬೇಯಿಸಿ, ಮೆತ್ತಗಾದ ಮೇಲೆ ಬಗ್ಗಿಸಿ, ಕ್ಲ್ಯಾಂಪ್ ಹಾಕಿ ಒಣಗಲು ಬಿಟ್ಟ. ಕಾಲು ಸಿಕ್ಕಿಸೋಕೆ ಚರ್ಮದ ಪಟ್ಟಿ. ಎಳೆಯೋಕೆ ಕಿಟಕಿಗೆ ಬಳಸೋ ಗಟ್ಟಿ ಹುರಿ, ಸುಮಾರು 100 ಅಡಿ. ಹಿಡಿಯೋಕೆ ಒಂದು ಕಬ್ಬಿಣದ ಬಳೆ. ಅವನ ಇಡೀ ಪ್ರಾಜೆಕ್ಟ್ ಇಷ್ಟೇ.

ಬೋಟ್ ನಡೆಸಿದವನು ಅವನ ಅಣ್ಣ ಬೆನ್. ಹಲವು ದಿನ ರಾಲ್ಫ್ ಬೀಳೋದು, ಬೆನ್ ಬೋಟ್ ತಿರುಗಿಸಿಕೊಂಡು ಬರೋದು, ಮತ್ತೆ ಶುರು ಮಾಡೋದು, ಇದೇ ಆಯ್ತು. ಸ್ಕೀ ತುದಿಗಳು ನೀರೊಳಗೆ ಹೋದ ತಕ್ಷಣ ಆಳು ಮುಂದಕ್ಕೆ ಮುಗ್ಗರಿಸ್ತಿದ್ದ. ಜುಲೈ 2ರಂದು ಅವನು ಕ್ರಮ ಬದಲಿಸಿದ. ನೀರಲ್ಲೇ ಹಿಂದಕ್ಕೆ ವಾಲಿ, ಸ್ಕೀ ತುದಿಗಳನ್ನ ನೀರಿನಿಂದ ಮೇಲೆತ್ತಿ ಹಿಡಿದ. ಬೆನ್ ಬೋಟ್ ಓಡಿಸಿದ. ರಾಲ್ಫ್ ಎದ್ದು ನಿಂತ. ಇವತ್ತಿಗೂ ಹೊಸಬರಿಗೆ ಹೇಳಿಕೊಡೋದು ಇದೇ ರೀತಿಯನ್ನ.

ಇಲ್ಲಿ ಬೆನ್ ಬಗ್ಗೆ ಸ್ವಲ್ಪ ಯೋಚಿಸಿ. ಬೋಟ್ ನಡೆಸೋನು ಮುಂದೆ ನೋಡಬೇಕು. ಹಗ್ಗದ ಆ ತುದಿಯಲ್ಲಿ, 30 ಮೀಟರ್ ಹಿಂದೆ ತಮ್ಮ. ಮಧ್ಯೆ ಎಂಜಿನ್ ಗದ್ದಲ. ಕೂಗಿದ್ರೆ ಕೇಳಿಸಲ್ಲ. ತಮ್ಮ ಸುಸ್ತಾದರೂ, ಹೆದರಿದರೂ, ಬಿದ್ದರೂ ಅಣ್ಣನಿಗೆ ಗೊತ್ತಾಗಬೇಕಾದ್ರೆ ಕಣ್ಣೇ ಗತಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಫೀಡ್‌ಬ್ಯಾಕ್ ಇಲ್ಲದ ಸಿಸ್ಟಮ್. ನಮ್ಮ ಬಸ್ಸುಗಳಲ್ಲಿ ಡ್ರೈವರ್ ಮುಂದೆ ನೋಡ್ತಾನೆ, ಹಿಂದಿನ ಬಾಗಿಲು ಕಂಡಕ್ಟರ್ ಜವಾಬ್ದಾರಿ. ಅವನು ಸೀಟಿ ಹೊಡೆಯದೆ ಬಸ್ಸು ಹೊರಡಲ್ಲ. ವಾಟರ್ ಸ್ಕೀಯಿಂಗ್‌ಗೂ ಅಂಥ ಒಬ್ಬ ಕಂಡಕ್ಟರ್ ಬೇಕಿತ್ತು.

ರಾಲ್ಫ್ ಮಾತ್ರ ಇನ್ನೂ ವೇಗದ ಕಡೆಗೇ ಹೋದ. 1925ರಲ್ಲಿ ಇಳಿಜಾರು ಹಲಗೆಗೆ ಹಂದಿ ಕೊಬ್ಬು ಸವರಿ ಅದರ ಮೇಲಿಂದ ಹಾರಿದ. ವಾಟರ್ ಸ್ಕೀ ಜಂಪ್‌ಗಳಲ್ಲಿ ಅದೇ ಮೊದಲನೆಯದು ಅಂತಾರೆ. ಆಮೇಲೆ ನೀರಿನ ಮೇಲೆ ಇಳಿಯೋ ಒಂದು ವಿಮಾನಕ್ಕೆ ಹಗ್ಗ ಕಟ್ಟಿ ಗಂಟೆಗೆ ಸುಮಾರು 130 ಕಿಲೋಮೀಟರ್ ವೇಗದಲ್ಲಿ ಸ್ಕೀ ಮಾಡಿದ. ಆ ವೇಗದಲ್ಲಿ ನೀರು ಕಾಂಕ್ರೀಟ್ ಥರ ಹೊಡೆಯುತ್ತೆ.

ಆಟ ಹರಡಿದ ಹಾಗೆ ಕೈಸನ್ನೆಗಳೂ ಗಟ್ಟಿಯಾದವು. 1939ರಲ್ಲಿ ಅಮೆರಿಕನ್ ವಾಟರ್ ಸ್ಕೀ ಅಸೋಸಿಯೇಷನ್ ಹುಟ್ಟಿತು. ಇವತ್ತು ಸ್ಕೀ ಮಾಡೋರು ಬಳಸೋ ಸನ್ನೆಗಳು ತುಂಬಾ ಸರಳ. ಹೆಬ್ಬೆರಳು ಮೇಲೆ ಅಂದ್ರೆ ವೇಗ ಹೆಚ್ಚಿಸು. ಕೆಳಗೆ ಅಂದ್ರೆ ಕಮ್ಮಿ ಮಾಡು. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿದ್ರೆ ವೇಗ ಸರಿಯಾಗಿದೆ. ಬೆರಳನ್ನ ಮೇಲೆತ್ತಿ ಸುತ್ತಿಸಿದ್ರೆ ಬೋಟ್ ತಿರುಗಿಸು. ತಲೆ ಮೇಲೆ ತಟ್ಟಿಕೊಂಡ್ರೆ ದಡಕ್ಕೆ ವಾಪಸ್ ಹೋಗೋಣ. ಕತ್ತಿನ ಅಡ್ಡಕ್ಕೆ ಕೈ ಎಳೆದ್ರೆ ಎಂಜಿನ್ ಈಗಲೇ ನಿಲ್ಲಿಸು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಬಿದ್ದ ಮೇಲಿನ ಸನ್ನೆ. ನೀರಿಗೆ ಬಿದ್ದವನು ಎರಡೂ ಕೈ ತಲೆ ಮೇಲೆ ಸೇರಿಸಿ ಹಿಡಿದ್ರೆ ನಾನು ಚೆನ್ನಾಗಿದ್ದೀನಿ ಅಂತ ಅರ್ಥ. ಆ ಸನ್ನೆ ಕಾಣದಿದ್ರೆ ಏನೋ ಆಗಿದೆ ಅಂತಲೇ ತಿಳಿದು ಬೋಟ್ ತಕ್ಷಣ ವಾಪಸ್ ಬರಬೇಕು. ಇದರಲ್ಲಿ ಒಳ್ಳೇ ಎಂಜಿನಿಯರಿಂಗ್ ಇದೆ. ಪೆಟ್ಟಾದವನಿಗೆ, ಪ್ರಜ್ಞೆ ತಪ್ಪಿದವನಿಗೆ ಸಹಾಯ ಕೇಳೋ ಶಕ್ತಿ ಇರಲ್ಲ. ಹಾಗಾಗಿ ಮೌನವನ್ನೇ ಅಪಾಯ ಅಂತ ಓದಬೇಕು. ಬಿದ್ದವನು ಒಂದು ಸ್ಕೀಯನ್ನ ನೀರಿನಿಂದ ಮೇಲೆತ್ತಿ ಹಿಡಿಯೋದೂ ಇದೆ, ಬೇರೆ ಬೋಟ್‌ಗಳಿಗೆ ತಾನು ಕಾಣಲಿ ಅಂತ. ನೀರಲ್ಲಿರೋ ಬರೀ ತಲೆ ದೂರದಿಂದ ಯಾರಿಗೂ ಕಾಣಲ್ಲ.

ಈ ಸನ್ನೆ ನೋಡೋಕೆ ಬೋಟಿನಲ್ಲಿ ಇನ್ನೊಬ್ಬ ಕೂರಬೇಕು. ರಾಲ್ಫ್ ಹುಟ್ಟಿದ ಮಿನ್ನೆಸೋಟದಲ್ಲಿ ಈಗ ಕಾನೂನೇ ಇದೆ: ಹಿಂದೆ ನೋಡೋಕೆ ಒಬ್ಬ ಇರಬೇಕು, ಇಲ್ಲದಿದ್ರೆ ಅಗಲವಾದ ಕನ್ನಡಿ ಇರಬೇಕು.

ರಾಲ್ಫ್ ಬದುಕಿನ ಮುಂದಿನ ಭಾಗ ಅಷ್ಟು ಖುಷಿಯದ್ದಲ್ಲ. ಅವನು ಪೇಟೆಂಟ್ ಮಾಡಿಸಲೇ ಇಲ್ಲ. 1925ರಲ್ಲಿ ನ್ಯೂಯಾರ್ಕಿನ ಫ್ರೆಡ್ ವಾಲರ್ ಅನ್ನೋರು ತಾವು ಮಾಡಿದ ವಾಟರ್ ಸ್ಕೀಗೆ ಪೇಟೆಂಟ್ ಪಡೆದರು. ಮುಂದೆ ಸಿನೆರಾಮಾ ಅನ್ನೋ ದೊಡ್ಡ ಪರದೆಯ ಸಿನಿಮಾ ತಂತ್ರ ಕಂಡುಹಿಡಿದದ್ದೂ ಅವರೇ. ಇತ್ತ ರಾಲ್ಫ್ ಫ್ಲಾರಿಡಾದಲ್ಲಿ ಕಟ್ಟಡ ಕೆಲಸದಲ್ಲಾದ ಅಪಘಾತದಲ್ಲಿ ಬೆನ್ನಿಗೆ ಪೆಟ್ಟು ಮಾಡಿಕೊಂಡ. ವಿಮಾನದ ಹಿಂದೆ ಹೋಗಿ ಉಳಿದವನ ಸ್ಕೀಯಿಂಗ್ ನಿಂತದ್ದು ನೆಲದ ಮೇಲಾದ ಅಪಘಾತದಿಂದ. ಆಮೇಲೆ ಮಿನ್ನೆಸೋಟದಲ್ಲಿ ಟರ್ಕಿ ಕೋಳಿ ಸಾಕಿಕೊಂಡು ಬದುಕಿದ. ಊರಾಚೆ ಅವನ ಹೆಸರು ಯಾರಿಗೂ ನೆನಪಿರಲಿಲ್ಲ.

1963ರಲ್ಲಿ ಪತ್ರಕರ್ತೆಯೊಬ್ಬರು ಲೇಕ್ ಸಿಟಿಗೆ ಬಂದಾಗ ಅಲ್ಲಿನ ಸ್ನಾನಗೃಹದ ಗೋಡೆ ಮೇಲೆ ತೂಗುಹಾಕಿದ್ದ ಹಳೇ ಮರದ ಸ್ಕೀಗಳನ್ನ ನೋಡಿ ವಿಚಾರಿಸಿದರು. ಅಷ್ಟೊತ್ತಿಗೆ ರಾಲ್ಫ್ ಅವರಿಗೆ 60ರ ಆಸುಪಾಸು. 41 ವರ್ಷದ ಹಿಂದಿನ ಕೆಲಸ ಆಗ ಪೇಪರಿಗೆ ಬಂತು. 1966ರಲ್ಲಿ ಅಮೆರಿಕನ್ ವಾಟರ್ ಸ್ಕೀ ಅಸೋಸಿಯೇಷನ್ ಅವರನ್ನೇ ಮೊದಲಿಗರು ಅಂತ ಅಧಿಕೃತವಾಗಿ ಒಪ್ಪಿಕೊಂಡಿತು. 1977ರಲ್ಲಿ ರಾಲ್ಫ್ ತೀರಿಕೊಂಡರು. ಲೇಕ್ ಸಿಟಿ ಈಗ ತನ್ನನ್ನ ವಾಟರ್ ಸ್ಕೀಯಿಂಗ್‌ನ ಹುಟ್ಟೂರು ಅಂತ ಹೆಮ್ಮೆಯಿಂದ ಕರ್ಕೊಳ್ಳುತ್ತೆ.

ಪುಸ್ತಕಗಳಲ್ಲಿ ದೊಡ್ಡದಾಗಿ ಬರೋದು ರಾಲ್ಫ್ ಹೆಸರು, ಅದು ನ್ಯಾಯವೇ. ಆದ್ರೆ ಪ್ರತಿ ಸಲ ಅವನು ಬಿದ್ದಾಗ ಬೆನ್ ಬೋಟ್ ತಿರುಗಿಸಿಕೊಂಡು ಬರದಿದ್ರೆ ಜುಲೈ 2 ಬರ್ತಾನೇ ಇರಲಿಲ್ಲ. ರಜೆಯಲ್ಲಿ ಮಲ್ಪೆಗೋ ಗೋವಾಗೋ ಹೋಗಿ ಬೋಟಿನ ಹಿಂದೆ ಬನಾನಾ ರೈಡ್ ಹೋಗೋ ಪ್ಲಾನ್ ಇದ್ರೆ, ಲೈಫ್ ಜಾಕೆಟ್ ಬಿಗಿ ಮಾಡ್ಕೊಂಡ ಮೇಲೆ ಎರಡು ವಿಷಯ ಕೇಳಿ: ನಿಲ್ಲಿಸು ಅನ್ನೋಕೆ ಸನ್ನೆ ಯಾವುದು, ಹಿಂದೆ ನೋಡ್ತಾ ಕೂರೋರು ಯಾರು. ಉತ್ತರ ಸಿಕ್ಕ ಮೇಲೆ ಹೊರಡಿ.