ಜೋಸೆಫ್ ಮುಂಡಶ್ಶೇರಿ: ಶಿಕ್ಷಕರ ಹಕ್ಕಿಗೆ ಕಾನೂನು ತಂದ ಅಧ್ಯಾಪಕ

ಬಂಟ್ವಾಳದ ಗಡಿಯಾಚೆಗಿನ ಕಾಸರಗೋಡು 1956ರ ಅಕ್ಟೋಬರ್ ಕೊನೆಯವರೆಗೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯದ್ದೇ ತಾಲೂಕು. ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು. ಮರುವರ್ಷ ಏಪ್ರಿಲ್ 5ರಂದು ಇ.ಎಂ.ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರಕಾರ ಬಂದಾಗ, ಅಲ್ಲಿನ ಕನ್ನಡ ಶಾಲೆಗಳಿಗೂ ಜೋಸೆಫ್ ಮುಂಡಶ್ಶೇರಿಯವರೇ ಶಿಕ್ಷಣ ಮಂತ್ರಿಯಾದರು.

1903ರಲ್ಲಿ ತ್ರಿಶೂರು ಜಿಲ್ಲೆಯ ಕಂಡಶ್ಶಾಂಕಡವಿನ ಕ್ರೈಸ್ತ ಕುಟುಂಬದಲ್ಲಿ ಅವರು ಜನಿಸಿದರು. ಪದವಿಗೆ ಓದಿದ್ದು ಭೌತಶಾಸ್ತ್ರ. ಬಳಿಕ ಭಾಷಾ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ತ್ರಿಶೂರಿನ ಸಂತ ಥಾಮಸ್ ಕಾಲೇಜಿನಲ್ಲಿ ದೀರ್ಘಕಾಲ ಪಾಠ ಮಾಡಿದರು; ಮಲೆಯಾಳದ ದೊಡ್ಡ ವಿಮರ್ಶಕರೆನಿಸಿದರು.

ಆಗ ಖಾಸಗಿ ಅನುದಾನಿತ ಶಾಲೆಗಳಲ್ಲಿ ಶಿಕ್ಷಕರ ಕೆಲಸ ಸಂಚಾಲಕರ ಮರ್ಜಿಯಲ್ಲಿತ್ತು. ಸಹಿ ಹಾಕಿದ ಸಂಬಳ ಪೂರ್ತಿ ಕೈಗೆ ಬರುವುದಿಲ್ಲವೆಂಬ ದೂರು ಸಾಮಾನ್ಯವಾಗಿತ್ತು. ಮುಂಡಶ್ಶೇರಿಯವರು 1957ರಲ್ಲಿ ಮಂಡಿಸಿದ ಶಿಕ್ಷಣ ಮಸೂದೆ ಇದನ್ನು ಬದಲಿಸಹೊರಟಿತು. ಸಂಬಳವನ್ನು ಸರಕಾರವೇ ಕೊಡಬೇಕು, ಅಧಿಕಾರಿಯ ಮುಂಚಿತ ಒಪ್ಪಿಗೆಯಿಲ್ಲದೆ ಶಿಕ್ಷಕರನ್ನು ವಜಾ ಮಾಡುವಂತಿಲ್ಲ ಎಂದಿತು. ಶಾಲೆಯನ್ನು ವಶಕ್ಕೆ ತೆಗೆದುಕೊಳ್ಳುವ ಅಧಿಕಾರವನ್ನೂ ಸರಕಾರಕ್ಕೆ ಕೊಟ್ಟಿತು.

ವಿರೋಧ ಇಲ್ಲಿಂದಲೇ ಬೆಳೆಯಿತು. ರಾಷ್ಟ್ರಪತಿಗಳು ಮಸೂದೆಯನ್ನು ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಕಳುಹಿಸಿದರು. 1958ರ ಮೇ ತಿಂಗಳಲ್ಲಿ ನ್ಯಾಯಾಲಯ ಎರಡು ಮಾತುಗಳನ್ನು ಬೇರ್ಪಡಿಸಿತು. ಶಿಕ್ಷಕರ ಸೇವಾಭದ್ರತೆಗೆ ನಿಯಮ ಮಾಡಬಹುದು. ಆದರೆ ಅಲ್ಪಸಂಖ್ಯಾತರ ಶಾಲೆಗಳನ್ನು ವಶಪಡಿಸಿಕೊಳ್ಳುವುದು ಸಂವಿಧಾನದ 30ನೇ ವಿಧಿಗೆ ವಿರುದ್ಧ. ಈ ವಿಧಿ ಧರ್ಮದ ಅಲ್ಪಸಂಖ್ಯಾತರಿಗಷ್ಟೇ ಅಲ್ಲ, ಭಾಷೆಯ ಅಲ್ಪಸಂಖ್ಯಾತರಿಗೂ ಅನ್ವಯಿಸುತ್ತದೆ. ಆದ್ದರಿಂದ ಕಾಸರಗೋಡಿನ ಕನ್ನಡಿಗರಿಗೂ ಇದು ಮುಖ್ಯವಾದ ಮಾತು.

ತಿದ್ದಿದ ಕಾನೂನಿಗೆ 1959ರಲ್ಲಿ ಅಂಕಿತ ಬಿತ್ತು. ಆದರೂ ಕ್ರೈಸ್ತ ಸಭೆ, ನಾಯರ್ ಸರ್ವಿಸ್ ಸೊಸೈಟಿ ಮತ್ತು ವಿರೋಧ ಪಕ್ಷಗಳ ವಿಮೋಚನಾ ಹೋರಾಟ ಅದೇ ಜೂನ್‌ನಲ್ಲಿ ತೀವ್ರವಾಯಿತು. ಅಂಗಮಾಲಿ ಮುಂತಾದೆಡೆ ಪೊಲೀಸರ ಗುಂಡಿಗೆ ಜನ ಬಲಿಯಾದರು. ಶಿಕ್ಷಕರ ಹಕ್ಕನ್ನು ಕಾಯಹೊರಟ ಸರಕಾರದ ಮೇಲೆ ಪ್ರತಿಭಟಿಸುವವರ ಹಕ್ಕನ್ನು ತುಳಿದ ಆರೋಪ ಬಂತು. ಜುಲೈ 31ರಂದು ಕೇಂದ್ರವು ಆ ಚುನಾಯಿತ ಸರಕಾರವನ್ನೇ ವಜಾ ಮಾಡಿತು.

ಮುಂಡಶ್ಶೇರಿಯವರು ಮುಂದೆ ಕೊಚ್ಚಿ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯಾದರು; 1977ರಲ್ಲಿ ತೀರಿಕೊಂಡರು. ಅವರ ಸರಕಾರ ಇಪ್ಪತ್ತೆಂಟು ತಿಂಗಳೂ ಪೂರೈಸಲಿಲ್ಲ, ಕಾನೂನು ಮಾತ್ರ ಉಳಿಯಿತು. ನಮ್ಮಲ್ಲಿ ಹಲವರು ನಾಳೆ ಅಲ್ಪಸಂಖ್ಯಾತರು ನಡೆಸುವ ಅನುದಾನಿತ ಶಾಲೆಗಳಲ್ಲೇ ಕೆಲಸಕ್ಕೆ ಸೇರುವವರು. ಶಿಕ್ಷಕರ ಹಕ್ಕು, ಶಾಲೆ ನಡೆಸುವವರ ಹಕ್ಕು ಎರಡನ್ನೂ ತಿಳಿದು ತರಗತಿಗೆ ಹೋಗುವುದು ಒಳ್ಳೆಯದು.