ಕೇಳದ ಶಬ್ದವನ್ನು ಕೆಲಸಕ್ಕೆ ಹಚ್ಚಿದ ಪಾಲ್ ಲಾಂಜೆವಿನ್

ಫಿಜಿಯೋಥೆರಪಿಯಲ್ಲಿ ನೋವಿಗೆ ಅಲ್ಟ್ರಾಸೌಂಡ್ ಕೊಡುವುದನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಆದರೆ ಆ ಅಲೆಗಳನ್ನು ಮೊದಲು ಬಳಕೆಗೆ ತಂದ ವಿಜ್ಞಾನಿಯ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ. ಅವರು ಫ್ರಾನ್ಸಿನ ಪಾಲ್ ಲಾಂಜೆವಿನ್. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ, ಆದರೂ ಅವರ ಬದುಕಿನ ಬಗ್ಗೆ ಬರೆಯಬೇಕೆನಿಸಿತು.

ಲಾಂಜೆವಿನ್ 1872ರ ಜನವರಿ 23ರಂದು ಪ್ಯಾರಿಸ್‌ನಲ್ಲಿ ಹುಟ್ಟಿದರು. 1888ರಲ್ಲಿ, ಹೆಚ್ಚುಕಡಿಮೆ ನಮ್ಮದೇ ವಯಸ್ಸಿನಲ್ಲಿ, ಭೌತ ಮತ್ತು ರಸಾಯನ ವಿಜ್ಞಾನದ ಕಾಲೇಜು ಸೇರಿದರು. ಅಲ್ಲಿ ಪಿಯರ್ ಕ್ಯೂರಿ ಅವರ ಗುರುಗಳಾದರು. ಕ್ವಾರ್ಟ್ಜ್ ಹರಳನ್ನು ಒತ್ತಿದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಪಿಯರ್ ಮತ್ತು ಅವರ ಅಣ್ಣ ಜಾಕ್ 1880ರಲ್ಲೇ ಕಂಡುಹಿಡಿದಿದ್ದರು. ಅದೇ ಹರಳಿಗೆ ವಿದ್ಯುತ್ ಕೊಟ್ಟರೆ ಅದು ಕಂಪಿಸುತ್ತದೆ. ಗುರುಗಳ ಈ ಶೋಧವನ್ನು ಶಿಷ್ಯ ಮುಂದೆ ದೊಡ್ಡ ಕೆಲಸಕ್ಕೆ ಬಳಸಿದರು.

ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಹಡಗುಗಳನ್ನು ಮುಳುಗಿಸುತ್ತಿದ್ದವು. ನೀರೊಳಗೆ ಅವನ್ನು ಪತ್ತೆ ಮಾಡುವ ಕೆಲಸಕ್ಕೆ ಲಾಂಜೆವಿನ್ 1915ರಲ್ಲಿ ಕೈಹಾಕಿದರು. 1917ರಲ್ಲಿ ಉಕ್ಕಿನ ತಟ್ಟೆಗಳ ನಡುವೆ ಕ್ವಾರ್ಟ್ಜ್ ಇಟ್ಟು, ಮನುಷ್ಯರ ಕಿವಿಗೆ ಕೇಳದ ಅಲೆಗಳನ್ನು ಹುಟ್ಟಿಸಿದರು. ಅಲೆ ವಸ್ತುವಿಗೆ ತಾಗಿ ಮರಳಲು ಹಿಡಿದ ಸಮಯದಿಂದ ದೂರ ತಿಳಿಯುತ್ತಿತ್ತು. ಈ ಪ್ರಯೋಗಗಳಲ್ಲಿ ಇನ್ನೊಂದು ವಿಷಯವೂ ಗೊತ್ತಾಯಿತು. ಬಲವಾದ ಅಲೆಗಳಿಗೆ ಸಿಕ್ಕ ಮೀನುಗಳು ಸತ್ತವು. ಆ ನೀರಿನಲ್ಲಿ ಕೈ ಇಟ್ಟರೆ ನೋವಾಗುತ್ತಿತ್ತು. ಅಂದರೆ ಈ ಅಲೆಗಳು ಜೀವಿಗಳ ದೇಹದ ಮೇಲೂ ಪರಿಣಾಮ ಬೀರುತ್ತವೆ.

ನೋವು ಕೊಟ್ಟ ಅಲೆಯನ್ನೇ ಮಿತವಾಗಿ ಕೊಟ್ಟು ನೋವಿಗೆ ಬಳಸುವ ಪ್ರಯತ್ನ 1930ರ ದಶಕದ ಕೊನೆಗೆ ಜರ್ಮನಿಯಲ್ಲಿ ಶುರುವಾಯಿತು. ಇಂದಿನ ಯಂತ್ರದ ತಲೆಯೊಳಗಿನ ಹರಳು ಸೆಕೆಂಡಿಗೆ ಸುಮಾರು 10 ಲಕ್ಷ ಅಥವಾ 30 ಲಕ್ಷ ಬಾರಿ ಕಂಪಿಸುತ್ತದೆ. ಈ ಅಲೆ ಗಾಳಿಯನ್ನು ದಾಟಲಾರದು, ಅದಕ್ಕೇ ಚರ್ಮಕ್ಕೆ ಜೆಲ್ ಹಚ್ಚುತ್ತಾರೆ. ಒಂದೇ ಕಡೆ ಬಿಸಿ ಹೆಚ್ಚಾಗಬಾರದೆಂದು ಯಂತ್ರದ ತಲೆಯನ್ನು ಆಡಿಸುತ್ತಲೇ ಇರುತ್ತಾರೆ.

ನಮ್ಮ ಅಮ್ಮಿ ಮನೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಭುಜದ ನೋವಿಗೆ ಅವರಿಗೂ ಈ ಚಿಕಿತ್ಸೆ ಕೊಟ್ಟರು. ಯಂತ್ರವೇ ನೋವನ್ನು ಎಳೆದು ತೆಗೆಯುತ್ತದೆ ಎಂದು ಅವರು ನಂಬಿದ್ದರು. ಆದರೆ ಯಂತ್ರ ಸ್ವಲ್ಪ ನೆರವಾಗಬಹುದು, ಮುಖ್ಯವಾದದ್ದು ವ್ಯಾಯಾಮ ಎಂದು ಫಿಜಿಯೋಥೆರಪಿಸ್ಟ್ ತಿಳಿಸಿ ಹೇಳಿದರು. ಹಲವು ಬಗೆಯ ನೋವುಗಳಿಗೆ ಅಲ್ಟ್ರಾಸೌಂಡ್ ಒಂದರಿಂದಲೇ ಹೆಚ್ಚು ಗುಣವಾಗುತ್ತದೆ ಎನ್ನಲು ಗಟ್ಟಿ ಪುರಾವೆಯೂ ಇಲ್ಲ. ಪ್ರತಿ ಸಿಟ್ಟಿಂಗ್‌ಗೂ ದುಡ್ಡು ಹೊಂದಿಸುವ ಮನೆಗಳಿಗೆ ಇದು ಗೊತ್ತಿರಬೇಕು. ಅಮ್ಮಿ ಈಗ ದಿನವೂ ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲನೆ ಮೇಲಕ್ಕೆ ಹತ್ತಿಸುವ ವ್ಯಾಯಾಮ ಮಾಡುತ್ತಾರೆ.

ಲಾಂಜೆವಿನ್ ತಮ್ಮ ಬದುಕಿನಲ್ಲಿ ಬಹಳ ನೋವು ಕಂಡರು. ಅವರು ಫ್ಯಾಸಿಸಂ ಅನ್ನು ಬಹಿರಂಗವಾಗಿ ವಿರೋಧಿಸಿದವರು. ನಾಜಿಗಳು ಪ್ಯಾರಿಸ್ ಹಿಡಿದ ಮೇಲೆ, 1940ರ ಅಕ್ಟೋಬರ್‌ನಲ್ಲಿ, ಅವರನ್ನು ಜೈಲಿಗೆ ಹಾಕಿದರು. ಆಗ ಅವರಿಗೆ 68 ವರ್ಷ. ನಂತರ ಟ್ರಾಯ್ ಎಂಬ ಊರಿನಲ್ಲಿ ನಿರ್ಬಂಧದಲ್ಲಿ ಇಟ್ಟರು. ಅಳಿಯ ಜಾಕ್ ಸೊಲೊಮನ್ ಅವರನ್ನು 1942ರಲ್ಲಿ ಗುಂಡಿಕ್ಕಿ ಕೊಂದರು. ಮಗಳು ಎಲೆನ್ ಅವರನ್ನು ಆಶ್‌ವಿಟ್ಜ್ ಶಿಬಿರಕ್ಕೆ ಸಾಗಿಸಿದರು. ಆಕೆ ಬದುಕಿ ಮರಳಿದರು. ಲಾಂಜೆವಿನ್ 1944ರಲ್ಲಿ ತಪ್ಪಿಸಿಕೊಂಡು ಸ್ವಿಟ್ಜರ್ಲೆಂಡ್ ಸೇರಿದರು.

ಇಷ್ಟೆಲ್ಲ ಕಳೆದುಕೊಂಡರೂ ಅವರು ಸುಮ್ಮನೆ ಕೂರಲಿಲ್ಲ. ಫ್ರಾನ್ಸಿಗೆ ಮರಳಿ, ಶಾಲಾ ಶಿಕ್ಷಣ ಸುಧಾರಣೆಯ ಆಯೋಗದ ಅಧ್ಯಕ್ಷರಾದರು. ಬಡವರ ಮಕ್ಕಳಿಗೂ ಸಮಾನ ಶಿಕ್ಷಣ ಸಿಗಬೇಕೆಂಬುದು ಅದರ ಗುರಿಯಾಗಿತ್ತು. 1946ರ ಡಿಸೆಂಬರ್ 19ರಂದು ತೀರಿಕೊಂಡರು. ಆಯೋಗದ ವರದಿ ಮರುವರ್ಷ ಬಂತು. 1948ರಲ್ಲಿ ಅವರ ಪಾರ್ಥಿವ ಶರೀರವನ್ನು ಪ್ಯಾರಿಸ್‌ನ ಪ್ಯಾಂಥಿಯಾನ್‌ನಲ್ಲಿ ಇರಿಸಲಾಯಿತು. ದೇಶದ ಮಹನೀಯರಿಗೆ ಮಾತ್ರ ಸಿಗುವ ಗೌರವ ಅದು.